ಹಾಡು ಗೊತ್ತು, ಹಾಡಿದವರು ಯಾರು?

ನಾನು ಮಾಡಿದ ಕೆಲಸಕ್ಕೆ ಸರಿಯಾದ ಒಂದು ಹೆಸರಿಲ್ಲ. ಗದಗಿನ ಪೇಟೆಯಲ್ಲಿ ಚನ್ನಬಸಪ್ಪನವರ ಕ್ಯಾಸೆಟ್ ಅಂಗಡಿ ಇತ್ತು. ಮದುವೆಗೆ ಮೊದಲೇ ಅಲ್ಲಿ ಸೇರಿದವಳು, ಕೂದಲು ಬೆಳ್ಳಗಾದ ಮೇಲೆ ಬಿಟ್ಟೆ. ಅಂಗಡಿ ಮೊದಲು ಕ್ಯಾಸೆಟ್ ಮಾರಿತು, ಆಮೇಲೆ ಸಿ.ಡಿ. ಮಾರಿತು, ಅದೂ ನಿಂತ ಮೇಲೆ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಟ್ಟಿತು. ಬೋರ್ಡು ಎಷ್ಟು ಸಲ ಬದಲಾದರೂ ನನ್ನ ಕೆಲಸ ಬದಲಾಗಲಿಲ್ಲ. ಎಲ್ಲೋ ಕಿವಿಗೆ ಬಿದ್ದ ಹಾಡು ಬೇಕೆಂದು ಬಂದವರಿಗೆ ಅದು ಯಾವುದೆಂದು ಹುಡುಕಿ ಕೊಡುವುದು. ಹೋಗುವಾಗ ಅವರು ಇನ್ನೂ ಕೇಳದ ಒಂದನ್ನು ಕೇಳಿಸಿ ಕಳಿಸುವುದು.

ಈಗ ನಮ್ಮ ಬೆಟಗೇರಿಯ ಹುಡುಗಿಯರೇ ಹಳ್ಳಿಗಳಿಗೆ ಹೋಗಿ, ಹಾಡುವವರನ್ನು ಮೊಬೈಲಿನಲ್ಲಿ ಹಿಡಿದು ತಂದು ಯೂಟ್ಯೂಬಿಗೆ ಹಾಕುತ್ತಾರೆ. ಒಂದು ಹಾಡು ಕೇಳಿದವರಿಗೆ ಮುಂದೆ ಯಾವುದು ಹಿಡಿಸೀತು ಎಂದು ಕಂಪ್ಯೂಟರು ಹೇಳುತ್ತದಂತೆ. "ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ ಬಾಯಾರ, ಒಂದೀಟು ಬರದು ಕೊಡ್ರಿ" ಎಂದು ಅವರು ಬೆನ್ನು ಹತ್ತಿದ್ದಾರೆ. ನನಗೆ ಗೊತ್ತಿರುವುದು ಜನರ ಕಿವಿಯ ಸಂಗತಿ ಮಾತ್ರ. ಅದನ್ನು ಕಂಡು ಆದ ಬೆರಗು ಇನ್ನೂ ಇಳಿದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ನೇಕಾರರ ಮನೆ. ಚನ್ನಬಸಪ್ಪನವರು ಒಮ್ಮೆ ಸೀರೆ ಕೊಳ್ಳಲು ಬಂದಾಗ ಮಗ್ಗದ ಮೇಲಿದ್ದ ಅಪ್ಪನಿಗೆ ಹೇಳಿದರು: "ನಿಮ್ಮ ಸಾವಿತ್ರಿನ್ನ ಅಂಗಡಿಗೆ ಕಳಸ್ರಿ. ಹೆಣ್ಣಮಕ್ಕಳು ಬರ್ತಾರ, ಹಾಡು ಬೇಕು ಅಂತಾರ. ಯಾವ ಹಾಡವ್ವಾ ಅಂದ್ರ ಸೆರಗು ಬಾಯಿಗೆ ಹಿಡ್ಕೊಂಡು ನಗತಾರ, ಹೋಗಿಬಿಡ್ತಾರ. ಗಂಡಸರ ಮುಂದ ಗುನುಗಾಕ ನಾಚಿಕಿ. ಈಕಿ ನಿಂತ್ರ ಗುನುಗತಾರ."

ಅಪ್ಪ ಸ್ವಲ್ಪ ಹೊತ್ತು ಲಾಳಿ ಓಡಿಸುವುದನ್ನು ನಿಲ್ಲಿಸಿ, "ಸಂಜಿ ದೀಪ ಹಚ್ಚೂದ್ರಾಗ ಮನಿ ಮುಟ್ಟಬೇಕು ನೋಡ್ರಿ" ಎಂದಷ್ಟೇ ಅಂದ. ನನಗೆ ಕೆಲಸ ಸಿಕ್ಕಿದ್ದು ಹೀಗೆ.

ಚನ್ನಬಸಪ್ಪನವರು ಸಿಡುಕಿನ ಮನುಷ್ಯ. ಧೂಳು ಕಂಡರೆ ಕೂಗಾಡುತ್ತಿದ್ದರು. ಆದರೆ ಹಾಡು ಕೇಳಲು ಬಂದವರ ಮುಂದೆ ಅವರ ದನಿ ಬೆಣ್ಣೆಯಾಗುತ್ತಿತ್ತು. "ಯಾರ ಹಾಡ್ಯಾರ, ಯಾವ ಕಂಪನಿ ಅಂತ ಗಿರಾಕಿನ್ನ ಕೇಳಬ್ಯಾಡ. ಗೊತ್ತಿದ್ರ ಅವ್ರು ನಿನ್ನ ಕೇಳ್ತಿದ್ದಿಲ್ಲ. ಎಲ್ಲೆ ಕೇಳಿದ್ರಿ ಅನ್ನು, ಸಾಕು" ಎಂದು ಮೊದಲ ದಿನವೇ ಕಲಿಸಿದರು. ಅದರ ಬೆಲೆ ನಿಧಾನವಾಗಿ ಗೊತ್ತಾಯಿತು. ಜನ ಹಾಡಿನ ಹೆಸರು ಮರೆಯುತ್ತಾರೆ. ಅದನ್ನು ಕೇಳಿದಾಗ ತಾವು ಎಲ್ಲಿದ್ದೆವು, ಕೈಯಲ್ಲಿ ಏನಿತ್ತು, ಯಾರು ಜೊತೆಗಿದ್ದರು ಎಂಬುದನ್ನು ಮರೆಯುವುದಿಲ್ಲ.

ಒಬ್ಬಾಕೆ ಬಂದು, "ಅರ್ಧಾ ಹಾಡು ಕೇಳೀನ್ರೀ, ಉಳಿದ ಅರ್ಧಾ ಕೊಡ್ರಿ" ಎಂದಳು. ಲಕ್ಷ್ಮೇಶ್ವರದ ಖಾಸಗಿ ಬಸ್ಸಿನಲ್ಲಿ ಹಚ್ಚಿದ್ದರಂತೆ. ಹಾಡು ಏರುವ ಹೊತ್ತಿಗೆ ಅವಳು ಇಳಿಯುವ ಊರು ಬಂತಂತೆ. ಅವಳಿಗೆ ಗುನುಗಲೂ ಬರದು. ನಾನು ಅವಳನ್ನು ಕರೆದುಕೊಂಡು ಆ ಬಸ್ಸು ನಿಲ್ಲುವಲ್ಲಿಗೆ ಹೋಗಿ ಡ್ರೈವರನನ್ನು ಕೇಳಿದೆ. ಅವನು ಕ್ಯಾಸೆಟ್ಟಿನ ಡಬ್ಬಿಯನ್ನೇ ಮುಂದಿಟ್ಟ. ಒಂದೊಂದಾಗಿ ಹಚ್ಚುತ್ತ ಹೋದಂತೆ ಅವಳು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದವಳು ಒಂದಕ್ಕೆ ತಟ್ಟನೆ ನಿಂತಳು. ಕೇಳದೇ ಉಳಿದಿದ್ದ ಅರ್ಧವನ್ನು ಬಸ್ಸಿನ ಬಾಗಿಲು ಹಿಡಿದು ನಿಂತೇ ಕೇಳಿದಳು. ಆ ಮುಖವನ್ನು ನೋಡಿದ ದಿನ ನನಗೆ ಈ ಕೆಲಸ ಬಿಡುವ ಮನಸ್ಸಿಲ್ಲ ಎಂದು ಗೊತ್ತಾಯಿತು.

ತಪ್ಪುಗಳೂ ಆದವು. ಆಗ ಒಂದೇ ಧಾಟಿಗೆ ದೇವರ ಪದವನ್ನೂ ಪೋಲಿ ಪದವನ್ನೂ ಕೂಡಿಸುತ್ತಿದ್ದರು. ಶಿರಹಟ್ಟಿ ಕಡೆಯ ಅಜ್ಜಿಯೊಬ್ಬಳು ಪೂಜೆಗೆಂದು ಒಂದು ಧಾಟಿ ಗುನುಗಿದಳು. ನಾನು ಭಕ್ತಿಯಿಂದ ಕ್ಯಾಸೆಟ್ ಕಟ್ಟಿ ಕೊಟ್ಟೆ. ಮರುವಾರ ಆಕೆ ಕೋಲೂರುತ್ತ ಬಂದು, "ಯವ್ವಾ, ದೇವರ ಮುಂದ ಏನ ಹಾಡಸೀದಿ ನೀ!" ಎಂದಳು. ಚನ್ನಬಸಪ್ಪನವರು ಎದ್ದು ನಿಂತರು. ಆಕೆ ಕುಳಿತು ಸುಧಾರಿಸಿಕೊಂಡು, "ಪೂಜಾರಿ ಓಡಿ ಬಂದು ಬಂದ್ ಮಾಡಿದ. ನಮ್ಮ ಓಣಿ ಮುದುಕ್ಯಾರೆಲ್ಲ, ಪೂಜಿ ಮುಗದ ಮ್ಯಾಲ ಇನ್ನೊಮ್ಮೆ ಹಚ್ಚಪಾ ಅಂತ ಗಂಟು ಬಿದ್ರು" ಎಂದು ನಕ್ಕಳು. ಬದಲಿ ಕ್ಯಾಸೆಟ್ ಕೊಡುತ್ತೇನೆಂದರೆ ಒಪ್ಪಲಿಲ್ಲ. ದೇವರದ್ದನ್ನೂ ತೆಗೆದುಕೊಂಡಳು, ಮೊದಲಿನದ್ದನ್ನೂ ಇಟ್ಟುಕೊಂಡಳು.

ಮೆಮೊರಿ ಕಾರ್ಡು ಬಂದಾಗ ಚನ್ನಬಸಪ್ಪನವರಿಗೆ ನಂಬಿಕೆ ಇರಲಿಲ್ಲ. ಉಗುರಿನಷ್ಟು ಚೂರಿನೊಳಗೆ ಇಡೀ ಅಂಗಡಿ ಹೇಗೆ ಹಿಡಿದೀತು ಎಂದು ಬೆರಳ ತುದಿಯಲ್ಲಿಟ್ಟು ನೋಡುತ್ತಿದ್ದರು. ನಾನು ಕಂಪ್ಯೂಟರು ಕಲಿತೆ. ಆಗ ಹಾಡು ಬರುವ ದಾರಿಯಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಮೊದಲು ಹೊಸ ಹಾಡು ಕಂಪನಿಯವರಿಂದ ನಮ್ಮಲ್ಲಿಗೆ ಬಂದು ಜನರಿಗೆ ಹೋಗುತ್ತಿತ್ತು. ಈಗ ಜನರ ಕಾರ್ಡಿನಲ್ಲೇ ಅದು ನನ್ನ ಬಳಿ ಬರತೊಡಗಿತು. ಕಾರ್ಡು ಕೊಟ್ಟವರ ಒಪ್ಪಿಗೆ ಪಡೆದು, ಅದರಲ್ಲಿ ಮೊದಲೇ ಇದ್ದದ್ದನ್ನು ಹಚ್ಚಿ ಕೇಳುತ್ತಿದ್ದೆ. ಯಾವ ಕಂಪನಿಯೂ ತರದ ದನಿಗಳು ಅಲ್ಲಿರುತ್ತಿದ್ದವು: ಹೊಲದಲ್ಲಿ ಕಳೆ ಕೀಳುವವರು, ಗುಡಿಯ ಭಜನೆಯವರು, ಯಾರದೋ ಮನೆಯ ಸೋಬಾನೆ. ಹೆಸರಿಲ್ಲ, ಊರಿಲ್ಲ. ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತಿನಲ್ಲಿ ಹಾರಿ ಬಂದವು.

ಆ ಕಾಲದಲ್ಲೇ ಫಕ್ಕೀರಪ್ಪ ಬಂದರು. ಅಂತೂರ ಬೆಂತೂರದ ರೈತ, ನನಗಿಂತ ಹಿರಿಯರು. ಉಳ್ಳಾಗಡ್ಡಿ ಮಾರಿ ಬಂದವರ ಮೈಮೇಲೆ ಇನ್ನೂ ಆ ಈರುಳ್ಳಿಯ ಸಿಪ್ಪೆ ಅಂಟಿತ್ತು.

"ತಂಗೀ, ಒಂದು ಹಾಡು ಹುಡುಕಬೇಕಾಗೇತಿ."

"ಗುನುಗ್ರಿ ಅಣ್ಣಾರ."

ಅವರು ಗುನುಗಲಿಲ್ಲ. ಸಾಲಿಯಲ್ಲಿ ಪಾಠ ಒಪ್ಪಿಸುವವರ ಹಾಗೆ ಇಡೀ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟರು. ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುವ ತವರಿನ ಪದ.

"ಪೂರಾ ಬರತೈತಲ್ರಿ ನಿಮಗ. ಇನ್ನೇನು ಹುಡುಕೂದು?"

"ಹಾಡು ನಮ್ಮವ್ವಂದು. ಹಾಡಿದಾಕಿ ಬೇಕಾಗ್ಯಾಳ."

ಅಷ್ಟು ವರ್ಷಗಳಲ್ಲಿ ಹಾಗೆ ಯಾರೂ ಕೇಳಿರಲಿಲ್ಲ. ಸ್ಟೂಲು ಕೊಟ್ಟು ಕೂರಿಸಿದೆ. ಹುಲಕೋಟಿ ರಸ್ತೆಯಲ್ಲಿ ಉಳ್ಳಾಗಡ್ಡಿ ಚೀಲಗಳ ಪಕ್ಕ ನಿಂತಿದ್ದಾಗ ಒಂದು ಟ್ರ್ಯಾಕ್ಟರು ಜೋರಾಗಿ ಹಾಡು ಹಚ್ಚಿಕೊಂಡು ಹೋಯಿತಂತೆ. ಎಂಜಿನ್ನಿನ ಸದ್ದಿನ ನಡುವೆ ಅವರ ಕಿವಿಗೆ ಬಿದ್ದದ್ದು ಎರಡು ಸಾಲು. ಚೀಲ ಬಿಟ್ಟು ಹಿಂದೆ ಓಡಿದರು. ಡ್ರೈವರನಿಗೆ ಕೇಳಿಸಲಿಲ್ಲ.

"ಅದು ನಮ್ಮಕ್ಕನ ದನಿ, ಗಂಗಕ್ಕಂದು" ಎಂದರು.

ಗಂಗಕ್ಕ ಅವರ ಒಬ್ಬಳೇ ಅಕ್ಕ. ಅವರು ಚಿಕ್ಕವರಿದ್ದಾಗ ಪಕ್ಕದೂರಿಗೆ ಬಂದಿದ್ದ ನಾಟಕ ಕಂಪನಿಯೊಂದರ ಜೊತೆ, ಹಾಡಬೇಕೆಂಬ ಆಸೆಯಿಂದ ಹೊರಟುಹೋದಳು. ಈ ಮನೆಯಲ್ಲಿ ಆಕೆಯ ಹೆಸರು ತೆಗೆಯಬಾರದೆಂದು ಅಪ್ಪ ಹೇಳಿಬಿಟ್ಟ. ಕೆಲವು ವರ್ಷಗಳ ಮೇಲೆ, ಆಕೆ ಸೋಲಾಪುರದಲ್ಲಿ ಜ್ವರ ಬಂದು ತೀರಿಕೊಂಡಳೆಂಬ ಸುದ್ದಿ ಬಂತು. ಅಪ್ಪ ಆವತ್ತು ಊಟ ಮಾಡಲಿಲ್ಲ. ಅವ್ವ ಬೀಸುವ ಕಲ್ಲಿನ ಮುಂದೆ ಕುಳಿತು ಅತ್ತಳು. ಈಗ ಇಬ್ಬರೂ ಇಲ್ಲ.

"ಸತ್ತಾಕಿ ಟ್ರ್ಯಾಕ್ಟರ್‌ದಾಗ ಹೆಂಗ ಹಾಡ್ಯಾಳು ಅಂತ ಮನ್ಯಾಗ ಎಲ್ಲಾರೂ ನಗತಾರ ತಂಗೀ. ನೀನೂ ನಗು. ಆದ್ರ ಹುಡುಕು."

ನಾನು ನಗಲಿಲ್ಲ. ನಂಬಲೂ ಇಲ್ಲ.

ಅಲ್ಲಿಂದ ಟ್ರ್ಯಾಕ್ಟರಿನವರ ಕಾರ್ಡು ಬಂದರೆ ಸಾಕು, ಹುಡುಕತೊಡಗಿದೆ. ಸಿಗಲಿಲ್ಲ. ಕಡಲೆ ರಾಶಿಯ ಹೊತ್ತಿಗೆ ಲಕ್ಷ್ಮೇಶ್ವರದ ಮಾಬುಸಾಬ ಎಂಬ ಡ್ರೈವರ್ ಹೊಸ ಹಾಡು ಹಾಕಿಸಲು ಬಂದ. ಅವನ ಕಾರ್ಡಿನಲ್ಲಿ 'ಹೊಸಾದು' ಎಂದಷ್ಟೇ ಹೆಸರಿದ್ದ ಒಂದು ಫೈಲು. ಒತ್ತಿದರೆ ಫಕ್ಕೀರಪ್ಪ ಒಪ್ಪಿಸಿದ್ದ ಅದೇ ಹಾಡು! ಮೊದಲಿನಿಂದ ಮತ್ತೊಮ್ಮೆ ಹಚ್ಚಿದೆ.

ಆದರೆ ಎರಡು ಸಂಗತಿ ಸರಿಬರಲಿಲ್ಲ. ದನಿ ಎಳೆಯದು, ಮೂವತ್ತು ದಾಟದ ಹೆಣ್ಣುಮಗಳದ್ದು. ಹಾಡಿನ ಹಿಂದೆ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಅಂದರೆ ಮೊಬೈಲಿನಲ್ಲಿ ಇತ್ತೀಚೆಗೆ ಹಿಡಿದದ್ದು, ಹಳೆಯ ರೆಕಾರ್ಡಲ್ಲ. ಇನ್ನೊಂದು, 'ತವರೂರು' ಎನ್ನುವಲ್ಲೆಲ್ಲ 'ತವ' ಎಂದು ದನಿ ಕಡಿದು, ಉಸಿರಿನಷ್ಟು ಹೊತ್ತು ಸುಮ್ಮನಾಗಿ, ಆಮೇಲೆ 'ರೂರು' ಬರುತ್ತಿತ್ತು. ಫೈಲು ಕೆಟ್ಟಿದೆ ಎಂದುಕೊಂಡೆ. ಆ ಖಾಲಿ ಜಾಗ ಕತ್ತರಿಸಿ ಜೋಡಿಸೋಣವೆಂದು ಹೊರಟವಳು, ಫಕ್ಕೀರಪ್ಪ ಮೊದಲು ಕೇಳಲಿ ಎಂದು ಬಿಟ್ಟೆ.

ಫೋನು ಮಾಡಿದ ಕೂಡಲೇ ಅವರು ಬಂದರು. ಕಿವಿಗೆ ಹೆಡ್‌ಫೋನ್ ಇಟ್ಟು ಹಚ್ಚಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರ ಬಲಗೈ, ಆ ಖಾಲಿ ಜಾಗ ಬಂದಾಗಲೆಲ್ಲ ತೊಡೆಯ ಮೇಲಿಂದ ಎದ್ದು ಏನನ್ನೋ ಸುರಿದಂತೆ ಮಾಡಿ ಮತ್ತೆ ಕೆಳಗಿಳಿಯುತ್ತಿತ್ತು. ಹಾಗೆ ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿದ್ದಂತಿರಲಿಲ್ಲ.

"ಅಣ್ಣಾರ, ಇದು ಎಳೀ ದನಿ ಐತಿ. ನಿಮ್ಮಕ್ಕ ಇದ್ದಿದ್ರ ನಿಮಗಿಂತ ದೊಡ್ಡಾಕಿ" ಎಂದೆ.

"ಹೌದು."

"ಕುಕ್ಕರ್ ಸೀಟಿ ಕೇಳಸ್ತಿಲ್ಲೋ? ಇದು ಹಳೇದಲ್ಲ."

"ಅದೂ ಹೌದು."

"ಮತ್ತ?"

"ಮತ್ತೇನಿಲ್ಲ. ಇದು ಗಂಗಕ್ಕಂದ."

ಹಾಡು ಬಂದ ದಾರಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋಗುವುದೊಂದೇ ಉಳಿದಿತ್ತು. ಮಾಬುಸಾಬನನ್ನು ಕೇಳಿದರೆ, "ಶಿರಹಟ್ಟಿ ಚಾದಂಗಡಿಯಂವ ಕೊಟ್ಟನ್ರಿ, ಮಳಿ ಬಂದಿತ್ತು, ಇಬ್ರೂ ಒಳಗ ಕುಂತಿದ್ವಿ" ಎಂದ. ಚಹಾದ ಅಂಗಡಿಯವನಿಗೆ ಕೊಟ್ಟವನು ಊರೂರು ತಿರುಗಿ ಬೀಜ ಮಾರುವವನು. ಬೀಜದವನಿಗೆ ಅದು ಸಿಕ್ಕಿದ್ದು ಅವನ ಹೆಂಡತಿಯ ತವರು ಹಿರೇವಡ್ಡಟ್ಟಿಯಲ್ಲಿ, ಬಸುರಿ ಹೆಣ್ಣಿಗೆ ಮಾಡುವ ಕುಬಸದ ಕಾರ್ಯದಲ್ಲಿ. ಫೋನಿನಲ್ಲೇ ಇಷ್ಟನ್ನೂ ತಿಳಿದುಕೊಂಡೆ. ಹಾಡಿದವರು ಯಾರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತನಗೆ ಯಾರು ಕೊಟ್ಟರು, ಆಗ ಏನು ಮಾಡುತ್ತಿದ್ದೆ ಎಂಬುದು ಮಾತ್ರ ಎಲ್ಲರಿಗೂ ನೆನಪಿತ್ತು. ಒಂದು ಹಾಡು ತನ್ನ ಹೆಜ್ಜೆಗಳನ್ನು ಇಷ್ಟು ಜನರ ನೆನಪಿನಲ್ಲಿ ಬಿಟ್ಟು ಹೋಗುತ್ತದೆಂದು ನನಗೆ ಅಲ್ಲಿಯತನಕ ತಿಳಿದಿರಲಿಲ್ಲ.

ರಜೆ ಕೇಳಿದಾಗ ಚನ್ನಬಸಪ್ಪನವರು ಸಿಡುಕುತ್ತಾರೆಂದುಕೊಂಡಿದ್ದೆ. "ಹೋಗಿ ಬಾ ಸಾವಿತ್ರಿ. ಏನಾತು ಅಂತ ನನಗ ಬಂದು ಹೇಳಬೇಕು ಮತ್ತ" ಎಂದರು.

ಫಕ್ಕೀರಪ್ಪ ಮತ್ತು ನಾನು ಮುಂಡರಗಿಗೆ ಹೋಗಿ ಅಲ್ಲಿಂದ ಹಿರೇವಡ್ಡಟ್ಟಿಯ ಬಸ್ಸು ಹಿಡಿದೆವು. ಕುಬಸದ ಮನೆ ಹುಡುಕಿ, ಮೊಬೈಲಿನಲ್ಲಿ ಹಾಡು ಕೇಳಿಸಿದೆ. "ಇದು ನಮ್ಮ ಹಿಂದಿನ ಮನಿ ಶಾಂತವ್ವ ಅಲ್ಲೇನ್ರಿ!" ಎಂದು ಅವರು ಕರೆದುಕೊಂಡು ಹೋದರು.

ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಊರಿನ ಸೊಸೆ, ವಯಸ್ಸು ಚಿಕ್ಕದು. ತನ್ನ ಹಾಡು ಊರು ದಾಟಿ ಹೋಗಿದೆ ಎಂದು ಕೇಳಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಫಕ್ಕೀರಪ್ಪ ಅವಳ ಮುಖ ನೋಡಿದರು. ಅವರ ಅಕ್ಕನ ಚಹರೆ ಅಲ್ಲಿರಲಿಲ್ಲ. ಗೋಡೆಗೆ ಒರಗಿ ಕುಳಿತುಬಿಟ್ಟರು.

ನಾನೇ ಕೇಳಿದೆ: "ಶಾಂತವ್ವಾ, 'ತವ' ಅಂದು ಯಾಕ ನಿಲ್ಲಸ್ತಿ? ಮರತಿದ್ಯೇನು?"

"ಇಲ್ರೀ. ಮುಂಡರಗ್ಯಾಗ ನಮ್ಮ ತವರಮನಿ ಬಾಜೂಕ ಪ್ರಮೀಳಾ ಬಾಯಾರು ಅದಾರ. ಮೊದಲ ನಾಟಕದಾಗ ಹಾಡ್ತಿದ್ರು. ಸಣ್ಣಾಕಿ ಇದ್ದಾಗಿಂದ ಅವ್ರ ಹತ್ರನ ಕಲ್ತೀನಿ. ಅಲ್ಲೆ ನಿಲ್ಲಸಲಿಲ್ಲ ಅಂದ್ರ ಮತ್ತ ಮೊದಲಿಂದ ಹಾಡಸ್ತಿದ್ರು. ಯಾಕಂತ ನಾ ಕೇಳಿಲ್ರಿ, ಅವ್ರೂ ಹೇಳಿಲ್ಲ."

ಗೋಡೆಗೆ ಒರಗಿದ್ದ ಫಕ್ಕೀರಪ್ಪ ನೆಟ್ಟಗಾದರು. "ನಾ ಹೇಳ್ತೀನಿ ಮಗಳ" ಎಂದರು. "ನಮ್ಮವ್ವ ಬೀಸೂಮುಂದ ಅಲ್ಲೆ ಬಂದಾಗ ಕಲ್ಲಿನ ಬಾಯಿಗೆ ಒಂದು ಹಿಡಿ ಜ್ವಾಳ ಹಾಕ್ತಿದ್ಲು. ಕೈ ಜ್ವಾಳಕ್ಕ ಹೋದಾಗ ದನಿ ನಿಲ್ಲತಿತ್ತು. ಗಂಗಕ್ಕ ಆಕಿ ತೊಡಿ ಮ್ಯಾಲ ಮಲಗಿ ಕಲ್ತಾಕಿ, ಜ್ವಾಳ ಹಾಕೂದನ್ನೂ ಹಾಡಿನ್ಯಾಗ ಕಲ್ತಾಳ."

ಶಾಂತವ್ವನ ಕಣ್ಣು ಅರಳಿದವು. ಎಂದೋ ಹೋದ ಒಬ್ಬ ತಾಯಿಯ ಕೈ, ಅವಳನ್ನು ಕಾಣದ ಒಬ್ಬ ಸೊಸೆಯ ಉಸಿರಿನಲ್ಲಿ ಇನ್ನೂ ಜೋಳ ಹಾಕುತ್ತಿತ್ತು. ಅದನ್ನು ನಾನು ಕತ್ತರಿಸಿ ಎಸೆಯಲು ಹೊರಟಿದ್ದೆ! ಈ ಕೆಲಸಕ್ಕೆ ಬರುವ ಹುಡುಗಿಯರೇ, ಹಾಡಿನಲ್ಲಿ ತಪ್ಪು ಎಂದು ಕಂಡದ್ದನ್ನು ತಿದ್ದುವ ಮೊದಲು ಹಾಡಿದವರನ್ನೊಮ್ಮೆ ಕೇಳಿ. ನನ್ನಿಂದ ಕಲಿಯಲು ಬೇರೇನೂ ಇಲ್ಲದಿದ್ದರೂ ಇದಿಷ್ಟನ್ನು ಕಲಿಯಿರಿ.

ಶಾಂತವ್ವ ರೊಟ್ಟಿ ಅಲ್ಲೇ ಬಿಟ್ಟು, ಅತ್ತೆಗೆ ಹೇಳಿ, ನಮ್ಮೊಂದಿಗೆ ಮುಂಡರಗಿಗೆ ಹೊರಟಳು. ಬಸ್ಸಿನಲ್ಲಿ ಅವಳೇ ಒಂದು ಮಾತು ಹೇಳಿದಳು: ಬಾಯಾರಿಗೆ ಗಂಟಲಿನ ಬೇನೆ ಬಂದು ಆಪರೇಷನ್ ಆಗಿದೆ, ಈಗ ಪಿಸುಮಾತಷ್ಟೇ ಬರುತ್ತದೆ, ಕೌದಿ ಹೊಲಿದು ಬದುಕುತ್ತಾರೆ. ಫಕ್ಕೀರಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು.

ಆಕೆ ಬಾಗಿಲಲ್ಲೇ ಕುಳಿತಿದ್ದರು. ಬೆಳ್ಳಿಕೂದಲು, ದಪ್ಪ ಕನ್ನಡಕ, ತೊಡೆಯ ಮೇಲೆ ಬಣ್ಣಬಣ್ಣದ ತುಂಡುಗಳ ಕೌದಿ. ಶಾಂತವ್ವ ಬಗ್ಗಿ, "ಬಾಯಾರ, ಅಂತೂರ ಬೆಂತೂರಿಂದ ನಿಮ್ಮನ್ನ ಕಾಣಾಕ ಬಂದಾರ್ರಿ" ಎಂದಳು.

ಸೂಜಿ ನಿಂತಿತು. ಆಕೆ ನನ್ನನ್ನು ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಫಕ್ಕೀರಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೊನೆಗೆ, ಗಾಳಿಯಂಥ ದನಿಯಲ್ಲಿ, "ಫಕ್ಕೀರನ?" ಎಂದರು. ಆಮೇಲೆ, "ಎಷ್ಟ ಮುದುಕ ಆಗೀಯೋ ನೀ!"

ಫಕ್ಕೀರಪ್ಪ ನಗುತ್ತ ಹೋಗಿ ಆಕೆಯ ಎದುರು ಕುಳಿತವರು, ಕೌದಿಗೆ ಮುಖ ಒತ್ತಿ ಅತ್ತುಬಿಟ್ಟರು. ಆಕೆ ತಮ್ಮನ ತಲೆ ಸವರಿದರು.

"ಅವ್ವ?"

"ಹೋದ್ಲು. ಅಪ್ಪನೂ. ನೀ ಸೋಲಾಪುರದಾಗ ಸತ್ತಿ ಅಂತ ಹೇಳಿದ್ರಲ್ಲ ಅಕ್ಕಾ!"

"ಕಂಪನಿಯೊಳಗ ಇನ್ನೊಬ್ಬಾಕಿ ಗಂಗವ್ವ ಇದ್ಲು. ಹೋದಾಕಿ ಆಕಿ. ಸುದ್ದಿ ತಪ್ಪಾಗಿ ಮುಟ್ಟೇತಿ ಅಂತ ಆಮ್ಯಾಲ ತಿಳೀತು. ಹಂಗ ಇರ್ಲಿ, ಅಪ್ಪನ ಸಿಟ್ಟರ ಇಳೀತದ ಅಂತ ಸುಮ್ಮನಾದೆ. ಕಂಪನಿಯವ್ರು ಇಟ್ಟ ಹೆಸರಿನ್ಯಾಗ, ಪ್ರಮೀಳಾ ಆಗೇ ಉಳದೆ."

ಶಾಂತವ್ವ ಚಹಾ ಮಾಡಲು ಒಳಗೆ ಹೋದಳು. ನಾನು ಮೊಬೈಲು ತೆಗೆದು ಆ ಹಾಡನ್ನು ಕೇಳಿಸಿದೆ. ಆಕೆ ಅದನ್ನು ಕೇಳಿರಲೇ ಇಲ್ಲ. ಮೊದಲು ಕಿವಿಗೆ ಹಿಡಿದುಕೊಂಡರು, ಆಮೇಲೆ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ನೀರು ಕುಡಿಯುವವರಂತೆ ಬಗ್ಗಿ ಕೇಳಿದರು. ಮುಗಿದ ಮೇಲೆ ನನ್ನತ್ತ ನೋಡಿ, "ದನಿ ಶಾಂತೀದು. ಹಾಡೂದು ನಾನು" ಎಂದು ಪಿಸುಗುಟ್ಟಿದರು. ಅದರಲ್ಲಿ ಜಂಬ ಇರಲಿಲ್ಲ. ಕಳೆದುಹೋಯಿತೆಂದು ಕೈಬಿಟ್ಟದ್ದನ್ನು ಬೇರೆಯವರ ಮನೆಯಲ್ಲಿ ಕಂಡವರ ಬೆರಗು ಇತ್ತು.

"ಎಲ್ಲೆಲ್ಲಿ ಹೋಗೇತ್ರಿ ಇದು?"

ಹೇಳಿದೆ. ಹಿರೇವಡ್ಡಟ್ಟಿಯಿಂದ ಬೀಜದವನ ಜೇಬಿನಲ್ಲಿ ಶಿರಹಟ್ಟಿಗೆ, ಅಲ್ಲಿಂದ ಲಕ್ಷ್ಮೇಶ್ವರಕ್ಕೆ, ಟ್ರ್ಯಾಕ್ಟರಿನ ಮೇಲೆ ಗದಗಿಗೆ, ಹುಲಕೋಟಿ ರಸ್ತೆಗೆ. ಒಂದೊಂದು ಊರಿನ ಹೆಸರಿಗೂ ಆಕೆ ತಲೆಯಾಡಿಸಿದರು. ಅವೆಲ್ಲ ಕಡೆಯೂ ಆಕೆ ಒಮ್ಮೆ ಬಣ್ಣ ಹಚ್ಚಿ ಹಾಡಿದವರಂತೆ. ನಾನು ಮುಗಿಸಿದ ಮೇಲೆ, "ಇನ್ನೊಮ್ಮೆ ಹೇಳ್ರಿ" ಎಂದರು. ಹೇಳಿದೆ.

ಚಹಾ ಕುಡಿದಾಯಿತು. ಬಿಸಿಲು ಇಳಿಯುತ್ತಿತ್ತು, ಗದಗಿನ ಬಸ್ಸಿನ ಹೊತ್ತಾಗಿತ್ತು. ಹೇಗೆ ಎಬ್ಬಿಸಲಿ ಎಂದು ನಾನು ಯೋಚಿಸುತ್ತಿದ್ದಾಗ ಫಕ್ಕೀರಪ್ಪ ತಾವೇ ಎದ್ದು, ಅಂಗಿ ಜಗ್ಗಿ ಸರಿಮಾಡಿಕೊಂಡು, ತಲೆಯ ಮೇಲಿನ ಟೋಪಿ ನೆಟ್ಟಗೆ ಮಾಡಿಕೊಂಡು, ಹೊಸಿಲಿನಾಚೆ ಹೋಗಿ ನಿಂತರು. ಆಗಷ್ಟೇ ಬಂದ ನೆಂಟರ ಹಾಗೆ.

"ಅಕ್ಕಾ, ಪಂಚಮಿಗೆ ತವರಿಗೆ ಕರ್ಯಾಕ ಬಂದೀನಿ."

ಆಕೆ ತಮ್ಮನನ್ನು ನೋಡಿದರು. ಹೊರಗೆ ಕಡಲೆ ತುಂಬಿದ ಬಂಡಿಗಳು ಹೋಗುತ್ತಿದ್ದವು.

"ಪಂಚಮಿ ಎಂದೋ ಮುಗದು ಹೋತಲ್ಲೋ ಹುಚ್ಚಾ" ಎಂದು ಪಿಸುಗುಟ್ಟುತ್ತ, ಗೋಡೆಯ ಆಸರೆ ಹಿಡಿದು ಎದ್ದು, ಶಾಂತವ್ವನಿಗೆ ಗೂಟದ ಮೇಲಿನ ಚೀಲ ಇಳಿಸಿಕೊಡಲು ಕೈಮಾಡಿದರು.